ಧನದ ಸದ್ವಿನಿಯೋಗ: ಕೊಡಗಿನ ಕಾಡನ್ನು ಕಾಯ್ದ ಅನಿಲ್ ಮಲ್ಹೋತ್ರಾ

(ಹೌಜ್ ಖಾಸ್‌ನಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹೌಜ್ ಖಾಸ್ ಎಂಬ ಹೆಸರು ಬಂದದ್ದು ಒಂದು ಕೆರೆಯಿಂದ. ಸಿರಿ ನಗರದ ನೀರಿನ ಅಗತ್ಯಕ್ಕಾಗಿ ಅಲ್ಲಾವುದ್ದೀನ್ ಖಿಲ್ಜಿ ಅದನ್ನು ತೋಡಿಸಿದನು. ಕೆಲವೇ ದಶಕಗಳಲ್ಲಿ ಅದು ಹೂಳಿನಿಂದ ತುಂಬಿತು. 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಹೂಳೆತ್ತಿಸಿ, ದಡದಲ್ಲಿ ವಿದ್ಯಾಲಯವನ್ನು ಕಟ್ಟಿಸಿದನು. ಕಾಲಾಂತರದಲ್ಲಿ ಕೆರೆ ಮತ್ತೆ ಬತ್ತಿಹೋಯಿತು. ಈ ಶತಮಾನದ ಮೊದಲ ದಶಕದಲ್ಲಿ ಶುದ್ಧೀಕರಿಸಿದ ನೀರನ್ನು ಹರಿಸಿ ಅದಕ್ಕೆ ಪುನಃ ಜೀವ ತುಂಬಲಾಯಿತು. ಕಟ್ಟುವುದು ಒಂದು ಸಾಹಸವಾದರೆ, ಕಟ್ಟಿದ್ದನ್ನು ಕಾಯುವುದು ಅದಕ್ಕಿಂತ ದೊಡ್ಡ ತಪಸ್ಸು. ಇನ್ನು ಮನುಷ್ಯನು ಕಟ್ಟದೆಯೇ ದೊರೆತ ಕಾಡು, ತೊರೆ, ಪ್ರಾಣಿಸಂಕುಲಗಳನ್ನು ಕಾಯುವುದು ಎಷ್ಟು ದೊಡ್ಡದು! ಅಂತಹ ಕಾರ್ಯಕ್ಕೆ ತಮ್ಮ ಗಳಿಕೆಯನ್ನೆಲ್ಲ ತೊಡಗಿಸಿದ ಒಬ್ಬ ಮಹನೀಯರ ಸ್ಮರಣೆಯೇ ಇಂದಿನ ವಿಷಯ.

ಅನಿಲ್ ಮಲ್ಹೋತ್ರಾ ಅವರು ಡೆಹರಾಡೂನಿನ ಡೂನ್ ಶಾಲೆಯಲ್ಲಿ ಓದಿದವರು. ಅಮೆರಿಕದಲ್ಲಿ ನೆಲೆಸಿ, ಭೂಮಿ-ಕಟ್ಟಡಗಳ ವ್ಯವಹಾರದಲ್ಲಿಯೂ ಉಪಾಹಾರಗೃಹಗಳ ಉದ್ಯಮದಲ್ಲಿಯೂ ಸಂಪಾದನೆ ಮಾಡಿದರು. ಅಲ್ಲಿಯೇ ಅಮೆರಿಕದ ಪಮೇಲಾ ಅವರ ಕೈಹಿಡಿದರು. ದಂಪತಿಗಳು ಹವಾಯಿ ದ್ವೀಪದಲ್ಲಿ ಹಸಿರಿನ ನಡುವೆ ಮನೆಮಾಡಿಕೊಂಡಿದ್ದರು. ಸುಖಕ್ಕೆ ಕೊರತೆಯಿರಲಿಲ್ಲ.

1986ರಲ್ಲಿ ತಂದೆಯವರ ಅಂತ್ಯಕ್ರಿಯೆಗಾಗಿ ಅನಿಲ್ ಅವರು ಪತ್ನಿಯೊಡನೆ ಹರಿದ್ವಾರಕ್ಕೆ ಬಂದರು. ಬೋಳಾದ ಬೆಟ್ಟಗಳು, ಕಲುಷಿತಗೊಂಡ ಗಂಗೆ, ಇದಾವುದನ್ನೂ ಲೆಕ್ಕಿಸದ ಜನ, ಇವು ಇಬ್ಬರ ಮನಸ್ಸನ್ನೂ ಕಲಕಿದವು. ಗಂಗೆಯನ್ನು ಕಂಡು ಕೈಮುಗಿಯುವವರು ಅಸಂಖ್ಯ. ಗಂಗೆಗೆ ನೀರು ಕೊಡುವ ಕಾಡನ್ನು ನೆನೆಯುವವರು ವಿರಳ. ಈ ದಂಪತಿಗಳು ಭಾರತದಲ್ಲಿಯೇ ಒಂದು ಕಾಡನ್ನು ಉಳಿಸಬೇಕೆಂದು ಸಂಕಲ್ಪಿಸಿದರು. ಮೊದಲು ಹಿಮಾಲಯದ ತಪ್ಪಲಿನಲ್ಲಿ ಭೂಮಿ ಹುಡುಕಿದರು. ಭೂಮಿತಿಯ ನಿರ್ಬಂಧಗಳಿಂದ ಅದು ಕೈಗೂಡದಿರಲು ದಕ್ಷಿಣದತ್ತ ಮುಖಮಾಡಿದರು.

1991ರಲ್ಲಿ, ಹವಾಯಿಯ ಆಸ್ತಿಯನ್ನು ಮಾರಿ ಬಂದ ಹಣದಿಂದ, ದಕ್ಷಿಣ ಕೊಡಗಿನ ತೆರಾಲು ಗ್ರಾಮದ ಬಳಿ ಬ್ರಹ್ಮಗಿರಿಯ ಮಗ್ಗುಲಲ್ಲಿ 55 ಎಕರೆ ಜಮೀನನ್ನು ಕೊಂಡರು. ವಿಪರೀತ ಮಳೆಯಿಂದ ಬೆಳೆ ಕೈಹತ್ತದೆ, ಯಜಮಾನರೇ ಮಾರಲು ಬಯಸಿದ್ದ ಭೂಮಿಯದು. ಕೃಷಿಕನಿಗೆ ನಿರುಪಯುಕ್ತವೆನಿಸಿದ್ದೇ ಇವರಿಗೆ ಅಮೂಲ್ಯವೆನಿಸಿತು. ಆದರೆ ಜಮೀನಿನಲ್ಲಿ ಹರಿಯುವ ತೊರೆಯ ಆಚೆ ದಡದ ಹೊಲಗಳಲ್ಲಿ ಕೀಟನಾಶಕ ಬಳಸುತ್ತಿದ್ದರು, ವಿಷ ನೀರಿಗಿಳಿಯುತ್ತಿತ್ತು. ಒಂದು ದಡವನ್ನು ಮಾತ್ರ ಕಾಯ್ದರೆ ತೊರೆ ಉಳಿಯದು. ಆದುದರಿಂದ ಸಾಲದಲ್ಲಿದ್ದ ನೆರೆಯ ರೈತರಿಂದ ಆ ಭೂಮಿಯನ್ನೂ ಹಂತಹಂತವಾಗಿ ಕೊಂಡರು. ರೈತರ ಋಣ ತೀರಿತು, ತೊರೆಯೂ ತಿಳಿಯಾಯಿತು. ಹೀಗೆ 55 ಎಕರೆ ಬೆಳೆದು ಸುಮಾರು 300 ಎಕರೆಯಾಯಿತು.

ಅಲ್ಲಿ ಅವರು ಮಾಡಿದ ಕೆಲಸವೇನು? ಬಹುಪಾಲು, ಭೂಮಿಯನ್ನು ಅದರ ಪಾಡಿಗೆ ಬಿಟ್ಟದ್ದು. ಕೆಲವು ಎಕರೆಗಳಲ್ಲಿ ಮಾತ್ರ ಕಾಫಿ, ಏಲಕ್ಕಿ ಬೆಳೆದರು. ಉಳಿದೆಡೆ ಮರ ಕಡಿಯಲಿಲ್ಲ, ಬೇಟೆಗಾರರನ್ನು ತಡೆದರು. ಬೀಜ ಬಿತ್ತುವ ಹೊಣೆಯನ್ನು ಹಕ್ಕಿಗಳು, ಆನೆಗಳು ವಹಿಸಿಕೊಂಡವು. ಮಂಗಟ್ಟೆ, ಕೆಂಜಳಿಲು, ನೀರುನಾಯಿ, ಕಡವೆ, ಆನೆ, ಹುಲಿ, ಚಿರತೆಗಳು ಅಲ್ಲಿ ಆಶ್ರಯ ಪಡೆದವು. ಸುಮ್ಮನಿರುವುದೂ ಒಂದು ದುಡಿಮೆಯೇ. ಏಕೆಂದರೆ ಕೈಯಲ್ಲಿ ಭೂಮಿಯಿದ್ದು, ಮಾರುಕಟ್ಟೆಯಲ್ಲಿ ಮರಕ್ಕೆ ಬೆಲೆಯಿದ್ದಾಗ ಸುಮ್ಮನಿರುವುದು ಸುಲಭವಲ್ಲ.

ಪತ್ರಿಕೆಗಳು ಇದನ್ನು ಖಾಸಗಿ ಅಭಯಾರಣ್ಯವೆಂದು ಬಣ್ಣಿಸಿದವು. ಕನ್ನಡದ 'ಖಾಸಗಿ' ಎಂಬ ಮಾತು ಹೌಜ್ ಖಾಸ್‌ನ 'ಖಾಸ್' ಎಂಬ ಪದದ ಬಳಗಕ್ಕೇ ಸೇರಿದುದು. ಆದರೆ ಇಲ್ಲಿ ಒಡೆತನ ಮಾತ್ರ ಖಾಸಗಿ, ಫಲ ಎಲ್ಲರದು. ಬ್ರಹ್ಮಗಿರಿಯಲ್ಲಿ ಹುಟ್ಟುವ ಲಕ್ಷ್ಮಣತೀರ್ಥ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಕೊಡಗಿನ ಮಳೆಕಾಡಿನಲ್ಲಿ ಇಂಗಿದ ನೀರು ಮೈಸೂರು, ಮಂಡ್ಯ, ಬೆಂಗಳೂರುಗಳ ಮನೆಗಳಲ್ಲಿ ತೀರ್ಥವಾಗಿಯೂ ಅನ್ನವಾಗಿಯೂ ಕಾಣಿಸಿಕೊಳ್ಳುತ್ತದೆ. ಅದೇ ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮನೆಮಠಗಳು ಮಣ್ಣುಪಾಲಾದುದನ್ನು ಯಾರೂ ಮರೆತಿಲ್ಲ. ಘಟ್ಟದಲ್ಲಿ ರೈಲುಮಾರ್ಗ ಹಾಕಿದವರೆಲ್ಲ ಬಲ್ಲ ಸತ್ಯವೊಂದಿದೆ: ಇಳಿಜಾರನ್ನು ಒಮ್ಮೆ ಕಡಿದರೆ, ಆಮೇಲೆ ಕಲ್ಲಿನ ಗೋಡೆ, ಚರಂಡಿಗಳಿಂದ ಹಿಡಿದಿಡಲು ಹೆಣಗಬೇಕು. ಬೇರುಗಳು ಅದೇ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತವೆ.

ಕೊಡಗಿಗೆ ಈ ವಿಚಾರ ಹೊಸದೇನಲ್ಲ. ಸಾವಿರಕ್ಕೂ ಹೆಚ್ಚು ದೇವರಕಾಡುಗಳಿರುವ ನಾಡು ಅದು. ಅಲ್ಲಿ ಕೊಡಲಿ ಹಾಕಬಾರದೆಂಬುದು ಹಿರಿಯರ ಕಟ್ಟಳೆ. ಭಯಭಕ್ತಿಯಿಂದ ಪೂರ್ವಿಕರು ಉಳಿಸಿಕೊಂಡು ಬಂದುದನ್ನು, ಹೊರಗಿನಿಂದ ಬಂದ ಈ ದಂಪತಿಗಳು ವಿವೇಕದಿಂದ, ಸ್ವಂತ ಹಣದಿಂದ ವಿಸ್ತರಿಸಿದರು.

2017ರ ಮಾರ್ಚ್ 8ರಂದು ಇದೇ ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಶ್ರೀಮತಿ ಪಮೇಲಾ ಅವರಿಗೆ ನಾರಿ ಶಕ್ತಿ ಪುರಸ್ಕಾರ ಸಂದಿತು. 2021ರಲ್ಲಿ ಅನಿಲ್ ಅವರು ಇಹಲೋಕ ತ್ಯಜಿಸಿದರು. ಅವರಿಗೆ ಮಕ್ಕಳಿರಲಿಲ್ಲ. ಹಣ ಹೂಡಿದವನು ಲಾಭವನ್ನು ಕೇಳುವುದು ಲೋಕರೂಢಿ. ಇವರ ಹೂಡಿಕೆಯ ಲಾಭ ಇವರ ಮನೆಗೆ ಬರುವಂಥದ್ದಾಗಿರಲಿಲ್ಲ. ದಾನ ಪಡೆದ ಕಡವೆಗಾಗಲಿ ಮಂಗಟ್ಟೆಗಾಗಲಿ ದಾನಿಯ ಹೆಸರು ತಿಳಿಯದು. ಕೃತಜ್ಞತೆಯ ಮಾತು ಹೇಳಲೂ ಬಾರದು. ಫಲಾಪೇಕ್ಷೆಯಿಲ್ಲದ ಕರ್ಮಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ದೊರೆಯುವುದು ಕಷ್ಟ.

ಎಲ್ಲರಿಗೂ 300 ಎಕರೆ ಕೊಳ್ಳುವ ಶಕ್ತಿಯಿಲ್ಲ. ಆದರೆ ಊರಿನಲ್ಲಿ ಪಿತ್ರಾರ್ಜಿತ ಜಮೀನು, ಹಳೆಯ ಬಾವಿ, ಹಿತ್ತಲಿನ ಹಲಸಿನ ಮರ ಇನ್ನೂ ಉಳಿದಿರುವ ಕುಟುಂಬಗಳು ದೆಹಲಿಯಲ್ಲಿ ಅನೇಕ. ಪಾಲು ಮಾಡುವಾಗ, ಮಾರುವಾಗ, 'ಇದರಿಂದ ಎಷ್ಟು ಬರುತ್ತದೆ' ಎಂಬ ಪ್ರಶ್ನೆಯ ಜೊತೆಗೆ 'ಇದನ್ನು ನಂಬಿ ಯಾರು ಬದುಕಿದ್ದಾರೆ' ಎಂಬ ಪ್ರಶ್ನೆಯನ್ನೂ ಕೇಳಿಕೊಂಡರೆ, ಅದೇ ಆ ಮಹನೀಯರಿಗೆ ಸಲ್ಲುವ ಯೋಗ್ಯವಾದ ಶ್ರದ್ಧಾಂಜಲಿ. ಸಂಪತ್ತು ಭಗವಂತನದು, ಮನುಷ್ಯನು ಅದರ ಕಾವಲುಗಾರ ಮಾತ್ರ ಎಂಬ ಹಿರಿಯರ ಮಾತು ಆಗ ಸಾರ್ಥಕವಾದೀತು.

ಶ್ರೀಕೃಷ್ಣಾರ್ಪಣಮಸ್ತು.