ಪಹಣಿಯ ಹೆಸರು, ಹೊಲದ ಬೆವರು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಬೀದರ ಸೀಮೆಯವನು. ನಿಮ್ಮದು ಕಾಡಿನಂಚಿನ ತೋಟ, ನಮ್ಮದು ಬಯಲ ಹೊಲ. ಬೀದರ ನಗರವು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಜಲಾಶಯವಿದೆ. ಔರಾದದ ಬಹುಪಾಲು ಹೊಲಗಳು ಮಳೆಯನ್ನೇ ನಂಬಿವೆ. ತೊಗರಿ, ಹೆಸರು, ಉದ್ದು, ಸೋಯಾ ಅವರೆ, ಜೋಳ, ಕಡಲೆ ನಮ್ಮ ಬೆಳೆಗಳು. ಇಂಥ ನೆಲಕ್ಕೆ ಸರ್ಕಾರದ ಹಣವು ಯಾವ ದಾರಿಯಿಂದ ಬರುತ್ತದೆ, ಯಾರ ಮನೆಯ ಬಾಗಿಲಲ್ಲಿ ನಿಂತುಬಿಡುತ್ತದೆ ಎಂಬುದೇ ನನ್ನ ಇಂದಿನ ವಿಷಯ.

ಮೊದಲನೆಯ ದಾರಿ ಕಿಸಾನ್ ಸಮ್ಮಾನ್ ನಿಧಿ. 2019ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವರ್ಷಕ್ಕೆ ಮೂರು ಕಂತುಗಳಲ್ಲಿ 6,000 ರೂಪಾಯಿ ಖಾತೆಗೆ ಜಮೆಯಾಗುತ್ತದೆ. ಇದಕ್ಕೆ ರಾಜ್ಯವು ಸೇರಿಸುತ್ತಿದ್ದ 4,000 ರೂಪಾಯಿ 2023ರಲ್ಲಿ ನಿಂತಿತು. ಎರಡನೆಯದು 2016ರ ಫಸಲ್ ಬಿಮಾ. ಮೂರನೆಯದು ವಿಕೋಪ ಪರಿಹಾರ. 2025ರ ಮಳೆಗಾಲದಲ್ಲಿ ಬೀದರ, ಕಲಬುರಗಿ, ಯಾದಗಿರಿ ಸೀಮೆಯ ಬೆಳೆಗಳು ನೀರಿನಲ್ಲಿ ಕೊಳೆತಾಗ, ಖುಷ್ಕಿ ಜಮೀನಿಗೆ ನಿಗದಿಯಾಗಿದ್ದ ಹೆಕ್ಟೇರಿಗೆ 8,500 ರೂಪಾಯಿಯ ಜೊತೆಗೆ ಮತ್ತೆ 8,500 ಕೊಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಘೋಷಿಸಿದರು.

ಈ ಎಲ್ಲ ದಾರಿಗಳಿಗೂ ಕೀಲಿಕೈ ಒಂದೇ: ಪಹಣಿ. ಅದರಲ್ಲಿ ಯಾರ ಹೆಸರಿದೆಯೋ ಅವರೇ ಲೆಕ್ಕದ ರೈತರು. ನಮ್ಮ ಕಾಕಾ ನಾಲ್ಕು ದಶಕ ಉತ್ತ ಹೊಲವು ಅಜ್ಜನ ಹೆಸರಿನಲ್ಲಿಯೇ ಉಳಿದಿತ್ತು. ಪೌತಿ ಖಾತೆಯಾಗುವವರೆಗೆ ಅವರಿಗೆ ಸಮ್ಮಾನ್ ನಿಧಿಯ ಒಂದು ಕಂತೂ ಬರಲಿಲ್ಲ. ಆದರೂ ಅವರು ಒಡೆಯರ ವಂಶದವರು. ಕಾಗದವನ್ನು ಸರಿಪಡಿಸಿಕೊಳ್ಳಲು ಸಾಧ್ಯವಿತ್ತು. ಪಾಲಿಗೆ ಹೊಲ ಮಾಡುವವರ ಗತಿಯೇನು? 1974ರ ಭೂಸುಧಾರಣೆಯ ತಿದ್ದುಪಡಿಯು ಗೇಣಿಯನ್ನು ನಿಷೇಧಿಸಿತು. ಅಂದು ಸಾವಿರಾರು ಗೇಣಿದಾರರನ್ನು ಒಡೆಯರನ್ನಾಗಿಸಿದ ಆ ನಿಷೇಧದಿಂದಲೇ ಇಂದಿನ ಪಾಲುಗಾರಿಕೆ ಬಾಯಿಮಾತಿನ ಕರಾರಾಗಿ ಉಳಿದಿದೆ. ಬೀಜ, ಗೊಬ್ಬರದ ಸಾಲ ಪಾಲುಗಾರರದು, ಪರಿಹಾರ ಪಹಣಿದಾರರದು. ಗಂಡನ ಹೆಸರಿನ ಹೊಲದಲ್ಲಿ ಜೀವಮಾನವಿಡೀ ಕಳೆ ಕೀಳುವ ಹೆಣ್ಣುಮಕ್ಕಳದೂ ಇದೇ ಕಥೆ.

ವಿಮೆಯ ಲೆಕ್ಕವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮುಂಗಾರಿನ ಆಹಾರ, ಎಣ್ಣೆಕಾಳು ಬೆಳೆಗಳಿಗೆ ರೈತರ ಕಂತು ವಿಮಾ ಮೊತ್ತದ ಶೇಕಡಾ 2, ಮಿಕ್ಕದ್ದು ಸರ್ಕಾರಗಳದು. ಮುಖ್ಯ ಬೆಳೆಗಳಿಗೆ ನಷ್ಟವನ್ನು ಅಳೆಯುವುದು ಒಬ್ಬೊಬ್ಬರ ಹೊಲದಲ್ಲಲ್ಲ, ಇಡೀ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯಲ್ಲಿ. ಹೊಸ್ತಿಲ ಇಳುವರಿ ಎಕರೆಗೆ 4 ಕ್ವಿಂಟಲ್ ಎಂದಿಟ್ಟುಕೊಳ್ಳಿ. ಬೆಳೆ ಕಟಾವು ಪ್ರಯೋಗದಲ್ಲಿ 3 ಬಂದರೆ ವಿಮಾ ಮೊತ್ತದ ಕಾಲುಭಾಗ ಸಿಗುತ್ತದೆ. 4 ಬಂದರೆ, ನಿಮ್ಮೊಬ್ಬರ ಹೊಲ ಒಣಗಿದ್ದರೂ ಏನೂ ಇಲ್ಲ. ಹೊಲ ಜಲಾವೃತವಾದಂಥ ಸ್ಥಳೀಯ ವಿಕೋಪಕ್ಕೆ ಪ್ರತ್ಯೇಕ ಅವಕಾಶವಿದೆ; ಆದರೆ 72 ಗಂಟೆಯೊಳಗೆ ದೂರು ಕೊಡಬೇಕು. ಹಳ್ಳ ತುಂಬಿ, ವಿದ್ಯುತ್ ಹೋಗಿ, ಫೋನು ಸತ್ತ ಊರಿನಲ್ಲಿ 72 ಗಂಟೆಯೆಂದರೆ ಎಷ್ಟು?

ಪರಿಸರದ ಕಾರ್ಯಕರ್ತರು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಈ ಹಣವು ವಿಸ್ತೀರ್ಣವನ್ನು ಅಳೆಯುತ್ತದೆ, ನಷ್ಟವನ್ನು ಅಳೆಯುತ್ತದೆ. ಮಣ್ಣನ್ನು ಉಳಿಸಿದವರನ್ನು ಲೆಕ್ಕಿಸುವುದಿಲ್ಲ. ರಸಗೊಬ್ಬರದ ಸಹಾಯಧನವೋ, ಮಾರಾಟವಾದ ಚೀಲಕ್ಕೆ ತಕ್ಕಂತೆ ಕಂಪನಿಗೆ ಸಲ್ಲುತ್ತದೆ. ತಿಪ್ಪೆಗೊಬ್ಬರ ಹಾಕಿದವರಿಗೆ ಅದರಲ್ಲಿ ಪಾಲಿಲ್ಲ. ಬೇರೆ ದಾರಿಯೇ ಇಲ್ಲವೆಂದಲ್ಲ. 2019-20ರಲ್ಲಿ ರಾಜ್ಯದ ‘ರೈತ ಸಿರಿ’ ಯೋಜನೆಯು ಕಿರುಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿಯ ಪ್ರೋತ್ಸಾಹಧನವನ್ನು ಗೊತ್ತುಮಾಡಿತ್ತು. ನೆಲಕ್ಕೆ ಹಿತವಾದ ಬೆಳೆಗೆ ನೇರವಾಗಿ ಹಣ ಕೊಡಬಹುದೆಂಬುದಕ್ಕೆ ಅದೇ ಸಾಕ್ಷಿ.

ಮಿತ್ರರೇ, ಸಹಾಯಧನ ಭಿಕ್ಷೆಯಲ್ಲ, ಸಾರ್ವಜನಿಕ ಹಣ. ಆದ್ದರಿಂದ ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸೋಣ. ಬೆಳೆ ಕಟಾವು ಪ್ರಯೋಗದ ದಿನ ಹೊಲದಲ್ಲಿ ಹಾಜರಿರೋಣ. ಓದು ಬಲ್ಲ ಮಕ್ಕಳು ಅಜ್ಜ ಅಜ್ಜಿಯರ ಪೌತಿ ಖಾತೆಯ ಅರ್ಜಿ ಬರೆದುಕೊಡಲಿ. ಉಳುವ ಕೈಯನ್ನು ದಾಖಲೆಯು ಗುರುತಿಸುವವರೆಗೆ ಬಯಲಿನವರೂ ಬೆಟ್ಟದವರೂ ಕೂಡಿ ಕೇಳುತ್ತಲೇ ಇರೋಣ.