ಸದ್ದಡಗಿಸಿದ ಬ್ಯಾಟು



1952, ಮುಂಬಯಿ. ವಿಶ್ವ ಟೇಬಲ್ ಟೆನಿಸ್ ಚಾಂಪಿಯನ್‌ಷಿಪ್ ಮೊದಲ ಸಲ ಏಷ್ಯಾಕ್ಕೆ ಬಂದಿತ್ತು. ಜಪಾನಿನ ಹಿರೋಜಿ ಸಾಟೊ ಕೈಯಲ್ಲಿದ್ದದ್ದು ದಪ್ಪ ಸ್ಪಂಜು ಅಂಟಿಸಿದ ಬ್ಯಾಟು. ಆಗ ಹೆಚ್ಚಿನವರು ಆಡುತ್ತಿದ್ದದ್ದು ಸಣ್ಣ ಸಣ್ಣ ಉಬ್ಬುಗಳಿರುವ ತೆಳು ರಬ್ಬರಿನ ಬ್ಯಾಟಿನಲ್ಲಿ. ಚೆಂಡು ತಗುಲಿದರೆ ‘ಟಕ್’ ಎನ್ನುತ್ತಿತ್ತು. ಏಟು ಎಷ್ಟು ಬಿರುಸು ಎಂಬುದನ್ನು ಎದುರಾಳಿ ಕಿವಿಯಿಂದಲೇ ಅಳೆಯುತ್ತಿದ್ದ. ಸಾಟೊ ಹೊಡೆದರೆ ಸದ್ದೇ ಇಲ್ಲ. ಸ್ಪಂಜಿನೊಳಗೆ ಒಂದು ಕ್ಷಣ ಹುದುಗಿ ಚೆಂಡು ಚಿಮ್ಮುತ್ತಿತ್ತು. ಘಟಾನುಘಟಿಗಳು ತಬ್ಬಿಬ್ಬಾದರು, ಸಾಟೊ ವಿಶ್ವ ಚಾಂಪಿಯನ್ ಆದರು.

ಸ್ಪಂಜನ್ನು ನಿಷೇಧಿಸಿ ಎಂಬ ಕೂಗು ವರ್ಷಗಟ್ಟಲೆ ನಡೆಯಿತು. 1959ರಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ಬರಿಯ ಸ್ಪಂಜನ್ನು ಕೈಬಿಟ್ಟು, ರಬ್ಬರ್ ಹೊದಿಸಿದ ಸ್ಪಂಜಿಗೆ ಒಪ್ಪಿಗೆ ಕೊಟ್ಟಿತು. ದಪ್ಪ ಮಾತ್ರ 4 ಮಿಲಿಮೀಟರ್ ಮೀರುವಂತಿಲ್ಲ. ಬಹಳ ವಿವೇಕದ ತೀರ್ಮಾನವದು ಎಂದೇ ನನ್ನ ನಂಬಿಕೆ. ಹೊಸತನ್ನು ಹೊಸಿಲಲ್ಲೇ ತಡೆದಿದ್ದರೆ ಇಂದು ನಾವು ಬೆರಗಿನಿಂದ ನೋಡುವ ಆ ಸುತ್ತುವ, ಬಾಗುವ ಏಟುಗಳು ಅರಳುತ್ತಲೇ ಇರಲಿಲ್ಲ.

ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ. ಬ್ಯಾಟಿನ ಎರಡು ಬದಿಗೆ ಕೆಂಪು, ಕಪ್ಪು ಬಣ್ಣ ಬಂತು, ಯಾವ ಬದಿಯಿಂದ ಹೊಡೆದರೆಂದು ಎದುರಾಳಿಗೆ ತಿಳಿಯಲೆಂದು. 2000ದಲ್ಲಿ ಚೆಂಡು 38ರಿಂದ 40 ಮಿಲಿಮೀಟರಿಗೆ ಹಿಗ್ಗಿತು. ಆಟದ ವೇಗ ತುಸು ತಗ್ಗಿ, ನೋಡುಗರ ಕಣ್ಣಿಗೆ ಚೆಂಡು ಸಿಗತೊಡಗಿತು.