ರಂಗೀಲಾ ಬಾದಶಹನ ದಿಲ್ಲಿಯಿಂದ ಕುಂದಗೋಳದವರೆಗೆ

ಗುರುಗ್ರಾಮ, ನೋಯ್ಡಾದಲ್ಲಿರೋ ನಮ್ಮ ಕನ್ನಡದವರ ಬಾಯಲ್ಲಿ ಒಂದು ಮಾತು ಪದೇ ಪದೇ ಬರುತ್ತೆ: "ದಿಲ್ಲಿಗೂ ನಮಗೂ ಏನ್ರೀ ಸಂಬಂಧ? ಸಂಬಳ ಬರುತ್ತೆ, ಇದ್ದೀವಿ, ಅಷ್ಟೇ." ಇವತ್ತು ಸಂಗೀತದ ಮೂಲಕ ಆ ಮಾತನ್ನ ಸ್ವಲ್ಪ ಪರೀಕ್ಷೆ ಮಾಡೋಣ.

ಯುರೋಪಿನ ಬರೋಕ್ ಸಂಗೀತದ ಕಾಲ ಸುಮಾರು 1600ರಿಂದ 1750. ವಿಯೆನ್ನಾದಲ್ಲಿ ಒಂದನೇ ಲಿಯೊಪೋಲ್ಡ್ ಚಕ್ರವರ್ತಿ ತಾನೇ ಸಂಗೀತ ರಚಿಸುತ್ತಿದ್ದ. ಅವನು ಚಕ್ರವರ್ತಿಯಾಗಿದ್ದು 1658ರಲ್ಲಿ. ಅದೇ ವರ್ಷ ಇಲ್ಲಿ ಔರಂಗಜೇಬ್ ಪಟ್ಟಕ್ಕೆ ಬಂದ. ಮುಂದೆ ಅಲ್ಲಿ ಬಾಖ್, ಹ್ಯಾಂಡೆಲ್ ಬರೀತಾ ಇದ್ದಾಗ ದಿಲ್ಲಿಯ ಗದ್ದುಗೆ ಮೇಲಿದ್ದವನು ಮಹಮ್ಮದ್ ಶಾ, 1719ರಿಂದ 1748ರವರೆಗೆ. ಜನ ಕರೆದ ಹೆಸರು 'ರಂಗೀಲಾ'.

ಇವನ ಬಗ್ಗೆ ನಮಗೆ ನೆನಪಿರೋದು ಒಂದೇ: 1739ರಲ್ಲಿ ನಾದಿರ್ ಶಾ ಬಂದ, ನವಿಲು ಸಿಂಹಾಸನ ಹೊತ್ತುಕೊಂಡು ಹೋದ. ಆದರೆ ಇವನ ಆಸ್ಥಾನದಲ್ಲಿ ನಿಯಾಮತ್ ಖಾನ್ ಅನ್ನೋ ಬೀನ್‌ಕಾರ ಇದ್ದ, ಅಂದ್ರೆ ರುದ್ರವೀಣೆ ನುಡಿಸೋನು. 'ಸದಾರಂಗ್' ಅನ್ನೋ ಅಂಕಿತದಲ್ಲಿ ಖಯಾಲ್‌ಗಳನ್ನ ಕಟ್ಟಿದ. ವಚನದಲ್ಲಿ ಅಂಕಿತ ಬರುತ್ತಲ್ಲ, ಹಾಗೆ. ವ್ಯತ್ಯಾಸ ಏನಂದ್ರೆ, ಅನೇಕ ಬಂದಿಶ್‌ಗಳಲ್ಲಿ ಅವನ ಅಂಕಿತದ ಪಕ್ಕದಲ್ಲೇ ಬಾದಶಹನ ಹೆಸರೂ ಇದೆ. ಗಿಟ್ ಕಮಿಟ್‌ನಲ್ಲಿ ಕೋಡ್ ಬರೆದವನ ಜತೆ ಸಂಬಳ ಕೊಟ್ಟವನ ಹೆಸರನ್ನೂ ಸೇರಿಸಿದ ಹಾಗೆ! ಧ್ರುಪದದ ನೆರಳಲ್ಲಿದ್ದ ಖಯಾಲ್‌ಗೆ ಆಸ್ಥಾನದ ಗೌರವ ಸಿಕ್ಕಿದ್ದು ಈ ಕಾಲದಲ್ಲಿ.

ಸ್ವತಃ ಹಾಡು ಕಟ್ಟಿದ ಬಾದಶಹ ಬೇಕಾ? ಎರಡನೇ ಶಾ ಆಲಂ ಇದ್ದಾನೆ. 1788ರಲ್ಲಿ ಗುಲಾಂ ಕಾದಿರ್ ಅವನ ಕಣ್ಣು ಕಿತ್ತ. ರಾಜ್ಯ ಹೆಸರಿಗಷ್ಟೇ ಉಳಿದಿತ್ತು. ಅಂಥಾ ಹೊತ್ತಲ್ಲಿ, 1797ರಲ್ಲಿ, ಅವನ ಹಾಡುಗಳ ಸಂಗ್ರಹ 'ನಾದಿರಾತ್-ಎ-ಶಾಹಿ' ಸಿದ್ಧವಾಯ್ತು. ನಾಗರಿ, ಪರ್ಷಿಯನ್ ಎರಡೂ ಲಿಪಿಯಲ್ಲಿ.

ಈಗ ನಮ್ಮ ಕಡೆ ಬರೋಣ. ಶಾಮ್ಲಿ ಜಿಲ್ಲೆಯ ಕೈರಾನಾ ಇವತ್ತು ಎನ್‌ಸಿಆರ್ ಒಳಗೇ ಇದೆ. ಕಿರಾಣಾ ಘರಾಣೆಗೆ ಆ ಊರಿನದೇ ಹೆಸರು. ಅಲ್ಲಿಯ ಅಬ್ದುಲ್ ಕರೀಂ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಖಯಾಲ್ ಹಾಡೋ ಕಡೆಯೆಲ್ಲಾ ಸದಾರಂಗನ ಬಂದಿಶ್‌ಗಳು ಇವತ್ತಿಗೂ ಕೇಳ್ತವೆ. ಸಿಂಹಾಸನ ವಾಪಸ್ ಬರಲಿಲ್ಲ, ಹಾಡು ಉಳೀತು. ಉಳಿಸಿದವರಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡದವರೂ ಇದ್ದಾರೆ. ಇದು ಸಂಬಂಧ ಅಲ್ವಾ?

ಮಹಮ್ಮದ್ ಶಾನ ಗೋರಿ ನಿಜಾಮುದ್ದೀನ್ ದರ್ಗಾದ ಆವರಣದಲ್ಲೇ ಇದೆ. ಒಂದು ಭಾನುವಾರ ಹೋಗಿ ಬನ್ನಿ. ಮೆಟ್ರೋದಲ್ಲಿ ಕೂತಾಗ ಒಂದು ಖಯಾಲ್ ಹಾಕ್ಕೊಂಡು, ಅಂಕಿತ ಎಲ್ಲಿ ಬರುತ್ತೆ ಅಂತ ಕಿವಿಗೊಟ್ಟು ಕೇಳಿ.